ಆಮೆ ಉಣ್ಣುತ್ತಿಲ್ಲ, ಯಜಮಾನರು ಬಾಯಿ ಬಿಡುತ್ತಿಲ್ಲ

ಬಾಗಿಲು ತೆಗೆದು, ಕಸ ಹೊಡೆದು, ನೀರು ಚಿಮುಕಿಸಿ, ದೇವರ ಪಟಕ್ಕೆ ಹೂ ಇಟ್ಟು, ಊದುಬತ್ತಿ ಹಚ್ಚಿ ಬೋಣಿಗೆ ಕಾಯುವುದು ಗುಂಡ್ಲುಪೇಟೆ, ಚಾಮರಾಜನಗರದ ವರ್ತಕರ ನಿತ್ಯಕರ್ಮ. ಕೆಲವರ ಪಾಲಿಗೆ ಇದಕ್ಕೆ ಇನ್ನೊಂದು ಸೇವೆ ಸೇರಿಕೊಂಡಿದೆ. ಗಲ್ಲಾಪೆಟ್ಟಿಗೆ ಪಕ್ಕದ ಗಾಜಿನ ತೊಟ್ಟಿಗೆ ನಾಲ್ಕು ಕಾಳು ಕಡಲೆಪುರಿ ಹಾಕೋದು. ತೊಟ್ಟಿಯೊಳಗೆ ಇರೋರು ಆಮೆರಾಯರು. ಅವರು ಬಂದರೆ ವ್ಯಾಪಾರ ಕುದುರುತ್ತೆ ಅಂತ ಯಾರೋ ಹೇಳಿದ್ದು, ಯಾರೋ ಕೇಳಿದ್ದು, ಮತ್ತ್ಯಾರೋ ಟವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟದ್ದು.

ಡಿಸೆಂಬರ್ ಚಳಿ ಶುರುವಾಯಿತು ಅನ್ನಿ, ಆಮೆರಾಯರ ಊಟ ನಿಂತುಹೋಗುತ್ತೆ. ಪುರಿ ಹಾಗೇ ತೇಲುತ್ತೆ. ತಲೆ ಒಳಗೆಳೆದುಕೊಂಡವರು ಹೊರಗೆ ಹಾಕೋದೇ ಇಲ್ಲ. ಯಜಮಾನರಿಗೆ ಕಳವಳ, ಅವರ ಮಕ್ಕಳಿಗೆ ಅಳು. ಅಂಗಡಿ ಮುಂದೆ ಬಸ್ಸಿಗೆ ಕಾಯೋರೆಲ್ಲ ಆಗ ವೈದ್ಯರೇ.

"ದೃಷ್ಟಿ ಆಗದ ಕಣಣ್ಣ, ಉಪ್ಪು ಮೆಣಸಿನಕಾಯಿ ನಿವಾಳ್ಸು" ಅಂತ ಒಬ್ಬರು. "ಏಕಾದಶಿ ಉಪವಾಸ ಇರ್ಬೇಕು ಬುಡಣ್ಣ" ಅಂತ ಇನ್ನೊಬ್ಬರ ತಮಾಷೆ. "ಸುಮ್ನೆ ಬಂಡೀಪುರದ ಕಾಡಿಗೆ ಬುಟ್ಬುಟ್ಟು ಬಾ, ಅಲ್ಲಾದ್ರೂ ಬದಿಕ್ಕತದ" ಅಂತ ಮೂರನೆಯವರು.

"ಡಾಕ್ಟ್ರಿಗೆ ತೋರ್ಸು" ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರೋಲ್ಲ. ಬಂದರೂ ಯಜಮಾನರು ಹೋಗೋಲ್ಲ. ಡಾಕ್ಟ್ರು ನೋಡಿ ಫಾರೆಸ್ಟಿನವರ ಕಿವಿಗೆ ಹಾಕಿದರೆ? ಕೇಸು ಬಿದ್ದರೆ? ಬಾಯಿ ಬಿಟ್ಟರೆ ಬಣ್ಣಗೇಡು. ಹೀಗಾಗಿ ಗಾಜಿನ ತೊಟ್ಟಿಗೆ ಬಟ್ಟೆ ಮುಚ್ಚಿ, ಒಳಗಿನ ಕೋಣೆಗೆ ಸಾಗಿಸಿ, ದೇವರ ಮೇಲೆ ಭಾರ ಹಾಕುತ್ತಾರೆ. ಎಷ್ಟೋ ಆಮೆಗಳು ಸಾಯೋದು ಇಂಥ ಒಳಕೋಣೆಯಲ್ಲೇ. ಯಜಮಾನರ ಹೆದರಿಕೆಗೆ ಅವು ಸಾಯುತ್ತವೆ. ಇದು ಒಬ್ಬ ವರ್ತಕರ ಕಥೆಯಲ್ಲ. ಕಾಡಿನ ಅಂಚಿನ ಊರುಗಳಲ್ಲಿ ಯಾವತ್ತೂ ನಡೆಯಬಹುದಾದ್ದು.

ಮುನಿಸಲ್ಲ, ಚಳಿ

ಮೊದಲು ಹಸಿವಿನ ವಿಚಾರ. ಮನುಷ್ಯನ ಮೈಯೊಳಗೇ ಒಂದು ಒಲೆ ಇದೆ, ಉಂಡ ಅನ್ನವೇ ಅದಕ್ಕೆ ಸೌದೆ. ಆಮೆಗೆ ಆ ಒಲೆ ಇಲ್ಲ. ಹೊರಗಿನ ಬಿಸಿಲು ಬಿದ್ದರೇನೇ ಅದರ ಮೈ ಕಾಯೋದು, ಮೈ ಕಾದರೇನೇ ಹೊಟ್ಟೆ ಅರಗಿಸೋದು. ನೀರೋ ಗಾಳಿಯೋ 20 ಡಿಗ್ರಿಗಿಂತ ಕೆಳಗಿಳಿದರೆ ಅದರ ಕರುಳು ನಿಧಾನವಾಗುತ್ತೆ. ಆಗ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತೆ. ಆಮೆ ಬಾಯಿ ಮುಚ್ಚಿಕೊಳ್ಳೋದು ಅದರ ಬುದ್ಧಿವಂತಿಕೆ.

1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು ನೋಡಿದವರಿಗೆ ಈ ಸೀಮೆಯ ಚಳಿ ಬೇರೆ ಹೇಳಬೇಕಿಲ್ಲ. ಅಂಥ ಚಳಿಯಲ್ಲಿ ಬಿಸಿಲೇ ಕಾಣದ ಅಂಗಡಿ, ಸಿಮೆಂಟು ನೆಲ, ರಾತ್ರಿಯಿಡೀ ತಣ್ಣಗೆ ಕೊರೆಯೋ ನೀರು. ಇದರೊಳಗೆ ಕೂತ ಪ್ರಾಣಿಗೆ ಹಸಿವು ಎಲ್ಲಿಂದ ಬರಬೇಕು ಸ್ವಾಮಿ?

ಚಳಿಯೊಂದೇ ಕಾರಣವೂ ಅಲ್ಲ. ಹೊಸದಾಗಿ ತಂದ ಆಮೆ ಗಾಬರಿಯಿಂದ ವಾರ ಎರಡು ವಾರ ತಿನ್ನದೇ ಇರಬಹುದು. ಗಿರಾಕಿಗಳು ದಿನಕ್ಕೆ ಐವತ್ತು ಸಲ ಗಾಜು ಕುಟ್ಟಿದರೆ ಆ ಗಾಬರಿ ಇಳಿಯೋದಾದರೂ ಹೇಗೆ? ಹೇತದ್ದು, ಉಳಿದದ್ದು ಎಲ್ಲಾ ಅದೇ ನೀರಿನಲ್ಲಿ ಕೊಳೆತರೂ ಊಟ ಬಿಡುತ್ತೆ. ಹೆಣ್ಣಾದರೆ ಮೊಟ್ಟೆ ಕಟ್ಟಿರಬಹುದು. ಗಂಡಿನ ಜೊತೆ ಇಲ್ಲದೆಯೂ ಮೊಟ್ಟೆ ಕಟ್ಟೋದುಂಟು. ತೋಡಿ ಇಡೋಕೆ ಮಣ್ಣು ಸಿಗದೆ ಹಿಂಗಾಲಲ್ಲಿ ಗಾಜು ಕೆರೆಯುತ್ತಾ ಒದ್ದಾಡುತ್ತೆ. ನೋಡೋರಿಗೆ ಅದು ಆಟ.

ಯಾವ ಆಮೆ ಅಂತ ಮೊದಲು ನೋಡಿ

ಎಲ್ಲಾ ಆಮೆಯೂ ಒಂದೇ ಅಂದುಕೊಳ್ಳೋದು ಮೊದಲನೇ ತಪ್ಪು. ಮನೆ, ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಮೂರು ಬಗೆ.

ಒಂದು, ಚಿಪ್ಪಿನ ಮೇಲೆ ಹಳದಿ ಗೆರೆಯ ಚುಕ್ಕಿ ಚಿತ್ತಾರವಿರುವ ನಕ್ಷತ್ರ ಆಮೆ. ಇದು ನೆಲದ ಪ್ರಾಣಿ, ಒಣಗಾಡು, ಕುರುಚಲು, ಹೊಲದ ಬೇಲಿಯಲ್ಲಿ ಓಡಾಡಿಕೊಂಡಿರೋದು. ಇದಕ್ಕೆ ಈಜು ಬರೋಲ್ಲ. ಆಮೆ ಅಂದಮೇಲೆ ನೀರೇ ಬೇಕು ಅಂತ ತೊಟ್ಟಿಗೆ ಬಿಟ್ಟರೆ ಮುಳುಗಿ ಸಾಯುತ್ತೆ. ಇದರ ಊಟ ಹುಲ್ಲು, ಸೊಪ್ಪು, ಹೂವು, ಪಾಪಸುಕಳ್ಳಿ. ಮಳೆಗಾಲದಲ್ಲಿ ಚುರುಕು. ಕಡು ಬೇಸಿಗೆಯಲ್ಲೂ ಚಳಿಯಲ್ಲೂ ಪೊದೆಯಡಿ ಸುಮ್ಮನೆ ಬಿದ್ದಿರೋದು ಅದರ ಹುಟ್ಟುಗುಣ.

ಎರಡು, ಕೆರೆ ಆಮೆ. ಮೆತ್ತನೆ ಚಿಪ್ಪಿನದೊಂದು, ಕಪ್ಪು ಚಿಪ್ಪಿನದೊಂದು. ಕೆರೆ ಬತ್ತಿದಾಗ, ಗದ್ದೆ ಅಗೆದಾಗ ಮಕ್ಕಳ ಕೈಗೆ ಸಿಗುವಂಥವು. ಬಸವನಹುಳು, ಸಣ್ಣ ಮೀನು, ನೀರುಸೊಪ್ಪು ಇವುಗಳ ಆಹಾರ. ಕೆರೆ ಒಣಗಿದರೆ ಮೆತ್ತನೆ ಚಿಪ್ಪಿನ ಆಮೆ ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತೆ. ಆ ದಿನಗಳಲ್ಲಿ ಊಟದ ಮಾತೇ ಇಲ್ಲ.

ಮೂರು, ಅಮೆರಿಕದ ಮಿಸಿಸಿಪಿ ನದಿ ಸೀಮೆಯಿಂದ ಬಂದ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಹಸಿರು ಆಮೆ. ಬಣ್ಣದ ಮೀನು ಮಾರುವ ಅಂಗಡಿಗಳಲ್ಲಿ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಿದ್ದಾಗ ಕೊಳ್ಳುತ್ತಾರೆ. ಬೆಳೆದರೆ ಅಡಿಯಷ್ಟಾಗುತ್ತೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತೆ ಅಂತ ಆಗ ಯಾರೂ ಹೇಳೋಲ್ಲ. ಇದಕ್ಕೆ 24ರಿಂದ 28 ಡಿಗ್ರಿ ಬೆಚ್ಚಗಿನ ನೀರು, ಹತ್ತಿ ಕೂರೋಕೆ ಒಂದು ಕಲ್ಲು, ಕಲ್ಲಿನ ಮೇಲೆ 30 ಡಿಗ್ರಿಗೂ ಮೀರಿದ ಶಾಖ ಬೇಕು.

ಮೂರಕ್ಕೂ ಹೊಂದದ ಊಟವೆಂದರೆ ಅನ್ನ, ಬ್ರೆಡ್ಡು, ಬಿಸ್ಕತ್ತು, ಪುರಿ, ಹಾಲು. ಅಂಗಡಿಯಲ್ಲಿ ಕೈಗೆ ಸಿಗೋದೂ ಅವೇ. ತಿಂಗಳುಗಟ್ಟಲೆ ಇದನ್ನೇ ತಿಂದ ಆಮೆಗೆ ಒಂದು ದಿನ ತಿನ್ನೋ ಶಕ್ತಿಯೇ ಉಳಿದಿರೋಲ್ಲ.

ಡಾಕ್ಟ್ರ ಹತ್ತಿರ ಹೋಗೋ ತನಕ

ಗಾಬರಿ ಬೇಡ. ಬಲಿತ, ಆರೋಗ್ಯವಾಗಿರುವ ಆಮೆ ಕೆಲವು ವಾರ ಊಟವಿಲ್ಲದೆ ತಡೆಯುತ್ತೆ. ಮರಿಗೆ ಆ ತಾಳಿಕೆ ಇಲ್ಲ, ನಾಲ್ಕಾರು ದಿನ ತಿನ್ನದಿದ್ದರೆ ತಡ ಮಾಡಬಾರದು.

ಮೊದಲು ಬೆಚ್ಚಗೆ ಮಾಡಿ. ಅಗಲವಾದ ಬೇಸನ್ನಿಗೆ ಕೈಗೆ ಹಿತವಾಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ, ಆಮೆಯ ಗಲ್ಲ ಮುಳುಗದಷ್ಟು ಮಾತ್ರ. ಕಾಲು ಗಂಟೆ ಕೂರಿಸಿ, ಪಕ್ಕದಲ್ಲೇ ಇರಿ. ಎಷ್ಟೋ ಆಮೆಗಳು ಆ ನೀರನ್ನೇ ಕುಡಿದು, ಹೇತು, ಹಗುರಾಗಿ ಕಣ್ಣು ಬಿಡುತ್ತವೆ. ನೆಲದ ಆಮೆಗೂ ಇದು ಆಗುತ್ತೆ.

ಆಮೇಲೆ ಬಿಸಿಲು. ಬೆಳಗಿನ ಎಳೆಬಿಸಿಲಿನಲ್ಲಿ ನೇರವಾಗಿ ಬಿಡಿ, ಅರ್ಧ ಜಾಗ ನೆರಳಿರಲಿ. ಗಾಜಿನ ಹಿಂದಿನ ಬಿಸಿಲು ಪ್ರಯೋಜನವಿಲ್ಲ. ಮೂಳೆಗೂ ಚಿಪ್ಪಿಗೂ ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತೆ. ಹಾಗಂತ ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಇಟ್ಟರೆ ನೀರು ಕಾದು ಆಮೆ ಬೆಂದುಹೋಗುತ್ತೆ. ಇದು ಉತ್ಪ್ರೇಕ್ಷೆಯಲ್ಲ, ನೋಡುತ್ತಿದ್ದಂತೆಯೇ ಆಗೋ ಅನಾಹುತ. ಕಾಗೆ, ನಾಯಿ, ಬೆಕ್ಕಿನ ಮೇಲೂ ಕಣ್ಣಿರಲಿ.

ನೀರು ಬದಲಾಯಿಸಿ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಹಾಕಿ. ನೆಲದ ಆಮೆಗೆ ಹುಲ್ಲು, ನುಗ್ಗೆಸೊಪ್ಪು, ದಾಸವಾಳದ ಹೂವು, ಎಲೆ ಕೊಟ್ಟು ನೋಡಿ. ನೀರಿನ ಆಮೆಗೆ ಎರೆಹುಳು, ಪುಟ್ಟ ಮೀನು. ಕೆಂಪು ಬಣ್ಣಕ್ಕೆ ಕೆಲವು ಬೇಗ ಮರುಳಾಗುತ್ತವೆ, ಟೊಮೇಟೊ ಚೂರು ಕೆಲಸ ಮಾಡಬಹುದು. ಇಟ್ಟು, ದೂರ ಸರಿಯಿರಿ. ನಿಂತು ನೋಡ್ತಾ ಇದ್ದರೆ ಅದು ತಿನ್ನೋಲ್ಲ.

ಬಾಯಿ ಬಿಡಿಸಿ ತುರುಕೋದು, ಹರಳೆಣ್ಣೆ ಹಾಕೋದು, ಮನೆಯಲ್ಲಿ ಉಳಿದ ಮಾತ್ರೆ ಅರೆದು ಕುಡಿಸೋದು ಬೇಡವೇ ಬೇಡ. ಇನ್ನೊಂದು ಮುಖ್ಯ ಎಚ್ಚರಿಕೆ, ಹಸು ಕಟ್ಟಿರೋರು ಗಮನ ಕೊಟ್ಟು ಓದಬೇಕು. ದನಕ್ಕೆ ಹುಳುವಿಗೂ ಉಣ್ಣೆಗೂ ಕೊಡುವ ಐವರ್ಮೆಕ್ಟಿನ್ ಅನ್ನೋ ಔಷಧಿ ಆಮೆಗೆ ವಿಷ. ಹಸುವಿಗೆ ಒಳ್ಳೇದಾದ್ದು ಆಮೆಗೆ ಕೆಟ್ಟದಾಗುತ್ತಾ ಅಂತ ಪ್ರಯೋಗ ಮಾಡೋಕೆ ಹೋದರೆ ಆಮೆ ಉಳಿಯೋಲ್ಲ.

ಕೆಲವು ಗುರುತು ಕಂಡರೆ ಮನೆಮದ್ದು ನಿಲ್ಲಿಸಿ ಅವತ್ತೇ ಹೊರಡಬೇಕು. ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಎ ಜೀವಸತ್ವದ ಕೊರತೆ ಇರಬಹುದು. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲೋದು ಶ್ವಾಸಕೋಶದ ಸೋಂಕಿನ ಲಕ್ಷಣ. ಚಿಪ್ಪು ಒತ್ತಿದರೆ ಮೆತ್ತಗಾಗಿದ್ದರೆ, ಹುಟ್ಟಾ ಮೆತ್ತನೆ ಚಿಪ್ಪಿನ ಜಾತಿಯ ಮಾತು ಬಿಡಿ, ಬಿಸಿಲೂ ಸುಣ್ಣಾಂಶವೂ ಸಾಲದೆ ಮೂಳೆ ಸವೆದಿದೆ ಅಂತ ಅರ್ಥ. ಮೊಟ್ಟೆ ಸಿಕ್ಕಿಕೊಂಡಿದೆಯೋ ಇಲ್ಲವೋ ಎಕ್ಸ್‌ರೇ ಹೇಳಬೇಕು.

ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಅದರಲ್ಲೂ ಮಕ್ಕಳು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ವಾಂತಿ ಭೇದಿಯ ರೋಗಾಣು ಇರುತ್ತೆ. ಈ ಕಾರಣಕ್ಕೇ ಅಮೆರಿಕ 1975ರಲ್ಲೇ ನಾಲ್ಕಿಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಗಲ್ಲಾಪೆಟ್ಟಿಗೆ ಪಕ್ಕದ ತೊಟ್ಟಿಗೆ ಬೆರಳು ಅದ್ದಿ, ಅದೇ ಕೈಯಲ್ಲಿ ಬನ್ನು ಕಟ್ಟಿಕೊಡೋ ಅಂಗಡಿಯವರು ಯೋಚನೆ ಮಾಡಬೇಕಾದ ಸಂಗತಿ.

ಕಾಡಿಗೆ ಬಿಡೋದು ಪುಣ್ಯವಲ್ಲ

ಊಟ ಬಿಟ್ಟ ಆಮೆಯನ್ನು ಮೇಲುಕಾಮನಹಳ್ಳಿ ಗೇಟು ದಾಟಿ, ಊಟಿ ರಸ್ತೆಯ ಪಕ್ಕದಲ್ಲಿ ಇಳಿಸಿ ಕೈ ಮುಗಿದು ಬಂದರೆ ಪುಣ್ಯ ಅಂದುಕೊಂಡೋರು ಬಹಳ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರ ಒಂದು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಓಡಾಟ ಬೇಡ ಅಂತ 2009ರಲ್ಲಿ ಆದೇಶವಾದದ್ದೂ ಅಲ್ಲಿನ ಪ್ರಾಣಿಗಳಿಗೋಸ್ಕರವೇ. ಅಂಥ ಕಾಡಿನೊಳಗೆ ಖಾಯಿಲೆ ಬಿದ್ದ ಆಮೆಯನ್ನು ಬಿಟ್ಟರೆ ಅದು ಬದುಕೋದು ಅನುಮಾನ. ಅದರ ರೋಗ ಅಲ್ಲಿನ ಆಮೆಗಳಿಗೆ ಹತ್ತೋ ಅಪಾಯ ಬೇರೆ.

ಕೆಂಪು ಪಟ್ಟೆಯ ಆಮೆಯನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡೋದು ಇನ್ನೂ ಕೆಟ್ಟದ್ದು. ಲೋಕದ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಯೂರೋಪಿನ ದೇಶಗಳು 1997ರಲ್ಲೇ ಅದರ ಆಮದು ನಿಲ್ಲಿಸಿದವು. ಊರ ಆಮೆಗಳ ಊಟ, ಬಿಸಿಲು ಕಾಯೋ ಜಾಗ ಎರಡನ್ನೂ ಅದು ಕಸಿಯುತ್ತೆ. ಗುಂಡ್ಲು ಹೊಳೆ ನಂಜನಗೂಡಿನ ಹತ್ತಿರ ಕಪಿಲೆಗೆ ಸೇರುತ್ತೆ, ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ. ಗುಂಡ್ಲುಪೇಟೆಯಲ್ಲಿ ಕೈ ಬಿಟ್ಟದ್ದು ಎಲ್ಲಿಗೆ ಹೋಗಿ ಮುಟ್ಟುತ್ತೋ ಯಾರು ಬಲ್ಲರು?

ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ಡಾಕ್ಟ್ರಿಗೆ ತೋರಿಸೋಕೆ ಭಯ, ಕಾಡಿಗೆ ಬಿಡೋ ಹಾಗಿಲ್ಲ. ಹಾಗಾದರೆ ಯಜಮಾನರು ಎಲ್ಲಿಗೆ ಹೋಗಬೇಕು?

ಬಾಗಿಲು ಎಲ್ಲಿದೆ?

ಕಾನೂನು ಕಟ್ಟುನಿಟ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಕ್ಷತ್ರ ಆಮೆ ಈಗ ಮೊದಲನೇ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿಯ ವಿಚಾರದಲ್ಲಿ ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, ಮೇಲೆ ದಂಡ. ಕಾನೂನು ಮೀರಿ ಹಿಡಿದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಯಾವ ದಾರಿಯಲ್ಲಿ ಬಂದರೂ ಸರಿ, ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು ಅಂತ ಕಾಯ್ದೆಯೇ ಹೇಳುತ್ತೆ.

ಕಾನೂನು ಇಷ್ಟು ಬಿಗಿಯಾಗೋಕೆ ಕಾರಣವಿದೆ. ದೇಶದ ಒಂದೇ ಒಂದು ವ್ಯಾಪಾರದ ತಾಣದಿಂದ ವರ್ಷಕ್ಕೆ ಕಡೇಪಕ್ಷ 55,000 ನಕ್ಷತ್ರ ಆಮೆ ಮರಿಗಳನ್ನು ಹಿಡಿದು ಸಾಗಿಸುತ್ತಾರೆ ಅಂತ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಕೊಟ್ಟಿತ್ತು. ಸಿಂಗಪುರಕ್ಕೆ ಕಳ್ಳಸಾಗಣೆಯಾಗಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ಕರೆತಂದದ್ದುಂಟು. 2019ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪೂರ್ತಿ ಬೀಗ ಹಾಕಿದವು. ಅದೃಷ್ಟಕ್ಕೆ ಅಂತ ಒಂದೊಂದು ಮನೆಯವರು ಒಂದೊಂದು ಕೊಂಡರೂ ಕಳ್ಳರ ಅಂಗಡಿ ನಡೆಯೋದು ಆ ದುಡ್ಡಿನಿಂದಲೇ. ಆದ್ದರಿಂದ ಕಾನೂನು ಸಡಿಲವಾಗಲಿ ಅನ್ನೋ ವಾದ ಇಲ್ಲಿಲ್ಲ.

ಕೇಳೋದು ಒಂದು ಬಾಗಿಲು. ಮಗ ಹೊಲದ ಬೇಲಿಯಲ್ಲಿ ಹೆಕ್ಕಿ ತಂದದ್ದು, ನೆಂಟರು ಕೊಟ್ಟುಹೋದದ್ದು, ಇಟ್ಟುಕೊಂಡು ವರ್ಷವಾಗಿದೆ. ನಲವತ್ತೆಂಟು ಗಂಟೆ ಯಾವತ್ತೋ ಮುಗಿದುಹೋಗಿದೆ. ಈಗ ತಪ್ಪು ತಿಳಿದು ಒಪ್ಪಿಸೋಣ ಅಂದರೆ ಆ ಮನುಷ್ಯನಿಗೆ ದಾರಿ ಕಾಣೋಲ್ಲ. 2022ರ ತಿದ್ದುಪಡಿಯಲ್ಲಿ ಪ್ರಾಣಿಯನ್ನು ಸರ್ಕಾರಕ್ಕೆ ಒಪ್ಪಿಸಲು ದಾರಿ ಮಾಡಿದ್ದಾರೆ ನಿಜ. ಅದು ಒಡೆತನದ ಸರ್ಟಿಫಿಕೇಟು ಇರೋರಿಗೆ. ಟವೆಲ್ಲಿನಲ್ಲಿ ಬಂದ ಆಮೆಗೆ ಸರ್ಟಿಫಿಕೇಟು ಯಾರು ಕೊಡ್ತಾರೆ?

ಸರ್ಕಾರ ಹಿಂದೆ ಇಂಥ ಬಾಗಿಲು ತೆಗೆದಿಲ್ಲವೇ ಅಂದರೆ, ತೆಗೆದಿದೆ. ಮನೆಯಲ್ಲಿರೋ ಕಾಡುಪ್ರಾಣಿ, ಕೊಂಬು, ಚರ್ಮದ ಲೆಕ್ಕ ಒಪ್ಪಿಸಿ ಅಂತ 2003ರಲ್ಲಿ 180 ದಿನ ಕಾಲಾವಕಾಶ ಕೊಟ್ಟಿತ್ತು. ವಿದೇಶಿ ಪ್ರಾಣಿ ಸಾಕಿದವರು ಆರು ತಿಂಗಳೊಳಗೆ ತಾವಾಗಿ ಹೇಳಿಕೊಂಡರೆ ಕಾಗದಪತ್ರ ಕೇಳೋಲ್ಲ ಅಂತ 2020ರ ಜೂನ್‌ನಲ್ಲಿ ಪ್ರಕಟಿಸಿತ್ತು. ಮಕಾವ್ ಗಿಳಿ, ಇಗುವಾನ ಸಾಕೋ ದೊಡ್ಡ ಊರಿನ ಶ್ರೀಮಂತರಿಗೆ ಸಿಕ್ಕ ರಿಯಾಯಿತಿ ಪೇಟೆ ಬೀದಿಯ ಸಣ್ಣ ವ್ಯಾಪಾರಿಗೂ ಅವನ ಮಗನಿಗೂ ಯಾಕೆ ಸಿಗಬಾರದು?

ಒಂದು ತಿಂಗಳು ಸಾಕು. ಆಮೆ ತಂದೊಪ್ಪಿಸಿದವರ ಮೇಲೆ ಕೇಸಿಲ್ಲ ಅಂತ ಸರ್ಕಾರ ಬರಹದಲ್ಲಿ ಹೇಳಲಿ. ಅದಕ್ಕೆ ಎರಡು ಷರತ್ತು ಇರಲಿ: ಒಂದೋ ಎರಡೋ ಆಮೆಗಿಂತ ಹೆಚ್ಚು ಇರಬಾರದು, ಮಾರಾಟದ ಸುಳಿವು ಇರಬಾರದು. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ತರಕಾರಿ ಮಾರ್ಕೆಟ್ಟಿನಲ್ಲಿ ಡಂಗುರ ಹೊಡೆಸಲಿ. ತಿಂಗಳು ಮುಗಿದ ಮೇಲೆ ಸಿಕ್ಕಿದವರ ಮೇಲೆ ಕಾಯ್ದೆ ಪೂರ್ತಿ ಬೀಳಲಿ, ಯಾರೂ ತಕರಾರು ತೆಗೆಯೋಲ್ಲ.

ಇದರಿಂದ ಕಳ್ಳರಿಗೆ ದಾರಿಯಾಗುತ್ತೆ ಅನ್ನೋರಿಗೆ ಒಂದೇ ಉತ್ತರ. ಸಾವಿರಗಟ್ಟಲೆ ಮರಿ ಸಾಗಿಸೋ ದಂಧೆಯವನು ಖಾಯಿಲೆ ಬಿದ್ದ ಒಂದು ಆಮೆಯನ್ನು ಎತ್ತಿಕೊಂಡು ಪಶು ಆಸ್ಪತ್ರೆ ಮೆಟ್ಟಿಲು ಹತ್ತೋಲ್ಲ. ಹತ್ತೋನು ಮನೆಯಲ್ಲಿ ಮಗು ಅಳೋದನ್ನ ನೋಡಲಾರದವನು.

ಎರಡನೇ ಕೆಲಸ ಇನ್ನೂ ಸುಲಭ. ತಾಲ್ಲೂಕು ಪಶು ಆಸ್ಪತ್ರೆಗಳ ಡಾಕ್ಟ್ರುಗಳು ಹಸು, ಎಮ್ಮೆ, ಕುರಿ, ಕೋಳಿ ನೋಡಿ ಪಳಗಿದವರು. ಆಮೆ ಅವರ ಕೈಗೆ ಬರೋದೇ ಅಪರೂಪ. 1892ರಿಂದ ನಡೆದು ಬಂದಿರುವ ಮೈಸೂರಿನ ಮೃಗಾಲಯ ಗುಂಡ್ಲುಪೇಟೆಯಿಂದ ಸುಮಾರು 60 ಕಿಲೋಮೀಟರ್. ಅಲ್ಲಿನ ವೈದ್ಯರನ್ನು ಕರೆಸಿ ಜಿಲ್ಲೆಯ ಪಶುವೈದ್ಯರಿಗೆ ಒಂದು ದಿನ ಪಾಠ ಹೇಳಿಸಿದರೆ ಸಾಕು. ಖರ್ಚೆಷ್ಟು? ಒಂದು ಹೊತ್ತಿನ ಊಟ, ಒಂದು ಜೀಪಿನ ಡೀಸೆಲ್ಲು.

ಬಾಗಿಲು ತೆರೆಯೋವರೆಗೆ ಯಜಮಾನರೂ ಸುಮ್ಮನೆ ಕೂರೋ ಹಾಗಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಒಂದು ಫೋನು ಮಾಡಬಹುದು. ಊರಿನ ನಾಲ್ಕು ಜನ ಹಿರಿಯರನ್ನು ಜೊತೆಗಿಟ್ಟುಕೊಂಡು ರೇಂಜ್ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಒಪ್ಪಿಸಬಹುದು. ಮುಚ್ಚಿಟ್ಟು ಸಿಕ್ಕಿಬೀಳೋದಕ್ಕಿಂತ ತಾವಾಗಿ ಹೋಗಿ ಹೇಳೋದು ಯಾವ ಕಾಲಕ್ಕೂ ಲೇಸು. ವಿದೇಶಿ ಆಮೆ ಇಟ್ಟುಕೊಂಡೋರು ಅದನ್ನು ಕೆರೆಗೆ ಬಿಡದೆ ಕೊನೆವರೆಗೂ ಸಾಕೋ ಜವಾಬ್ದಾರಿ ಹೊರಬೇಕು. ಹೊಸದಾಗಿ ಕೊಳ್ಳೋ ಯೋಚನೆ ಇದ್ದೋರು ಕೈ ಬಿಡಬೇಕು.

ಇನ್ನು ಅದೃಷ್ಟದ ಮಾತು. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಗಡಿ ದಾಟಿದರೆ ತಮಿಳುನಾಡು. ಅಲ್ಲಿನವರದು ಇದಕ್ಕೆ ಪೂರಾ ಉಲ್ಟಾ ಗಾದೆ: ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರವಾಗೋಲ್ಲ. ಗಡಿಯ ಈಚೆ ಲಕ್ಷ್ಮಿ ತರೋ ಆಮೆ ಗಡಿಯ ಆಚೆ ದರಿದ್ರ ತರುತ್ತೆ ಅಂದರೆ ತಪ್ಪು ಆಮೆಯದ್ದೋ, ಮನುಷ್ಯರದ್ದೋ? ಪಾಪ, ಅದಕ್ಕೆ ಎರಡೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಬಿಸಿಲು, ಹುಲ್ಲು, ಕೆಸರು.

ಆಮೆಯೇ ಬೇಕು ಅನ್ನೋ ನಂಬಿಕೆಯವರು ಪಾತ್ರೆ ಅಂಗಡಿಯಲ್ಲಿ ಸಿಗೋ ಹಿತ್ತಾಳೆ ಆಮೆ ಒಂದನ್ನು ತಂದು ಗಲ್ಲಾಪೆಟ್ಟಿಗೆ ಮೇಲೆ ಇಟ್ಟುಕೊಳ್ಳಲಿ. ಅದಕ್ಕೆ ಚಳಿಯಿಲ್ಲ, ಹಸಿವಿಲ್ಲ. ಅದರ ಹಿಂದೆ ಅಮೀನನೂ ಬರೋಲ್ಲ.